1ಕೆ ಸಾಕು: ಸಿಂಕ್ಲೇರ್ ಝಡ್‌ಎಕ್ಸ್81 ಕೊಳ್ಳುವ ಮುಂಚೆ

ಹಳೇ ಝಡ್‌ಎಕ್ಸ್81 ಕಂಪ್ಯೂಟರ್ ಮಾರಾಟಕ್ಕಿದೆ ಅಂದರೆ ಸಾಕು, "16ಕೆ ರ‍್ಯಾಮ್ ಪ್ಯಾಕ್ ಜೊತೆಗಿದೆಯಾ?" ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಇಲ್ಲ ಅಂದರೆ ಗಿರಾಕಿಯ ಮುಖ ಸಪ್ಪಗಾಗುತ್ತದೆ. ಪ್ಯಾಕ್ ಅಂದರೆ ಹಿಂದೆ ಸಿಕ್ಕಿಸುವ ಹೆಚ್ಚುವರಿ ಮೆಮೊರಿ. ಪ್ರೋಗ್ರಾಂ ಬರೆಯುವ ಆಸೆಯಿಂದ ಕೊಳ್ಳುವುದಾದರೆ ಇಲ್ಲಿನ ಸಲಹೆ ಉಲ್ಟಾ: ಪ್ಯಾಕ್ ಇಲ್ಲದ್ದನ್ನೇ ಕೊಳ್ಳಿ. ಈ ಯಂತ್ರದ ಸ್ವಾರಸ್ಯ ಇರುವುದೇ ಅದರ 1ಕೆ ಮೆಮೊರಿಯಲ್ಲಿ. ಪ್ಯಾಕ್ ಸಿಕ್ಕಿಸಿದ ಮೇಲೆ ಅದು ಕೆಟ್ಟ ಕೀಬೋರ್ಡಿನ, ಬಣ್ಣವಿಲ್ಲದ, ದನಿಯಿಲ್ಲದ ಒಂದು ಸಾಧಾರಣ ಕಂಪ್ಯೂಟರ್, ಅಷ್ಟೇ.

ಕೇಂಬ್ರಿಜ್‌ನ ಸಿಂಕ್ಲೇರ್ ರಿಸರ್ಚ್ ಇದನ್ನು 1981ರ ಮಾರ್ಚ್‌ನಲ್ಲಿ ಬಿಡುಗಡೆ ಮಾಡಿತು. ಜೋಡಿಸಿದ್ದಕ್ಕೆ 69.95 ಪೌಂಡ್, ಬಿಡಿಭಾಗಗಳ ಕಿಟ್‌ಗೆ 49.95 ಪೌಂಡ್. ತಯಾರಾಗಿದ್ದು ಸ್ಕಾಟ್ಲೆಂಡಿನ ಡಂಡೀಯಲ್ಲಿದ್ದ ಟೈಮೆಕ್ಸ್ ಕಾರ್ಖಾನೆಯಲ್ಲಿ. ಇದರ ಅಣ್ಣ ಝಡ್‌ಎಕ್ಸ್80ಯಲ್ಲಿ 21 ಚಿಪ್‌ಗಳಿದ್ದವು. ಇಲ್ಲಿ ನಾಲ್ಕಕ್ಕೆ ಇಳಿಸಿದರು: 3.25 ಮೆಗಾಹರ್ಟ್ಸ್‌ನಲ್ಲಿ ಓಡುವ ಝಡ್80ಎ ಪ್ರೊಸೆಸರ್, ಬೇಸಿಕ್ ಎಂಬ ಪ್ರೋಗ್ರಾಂ ಭಾಷೆ ತುಂಬಿದ 8ಕೆ ರಾಮ್ (ROM, ಬದಲಿಸಲಾಗದ ಮೆಮೊರಿ), 1ಕೆ ರ‍್ಯಾಮ್, ಉಳಿದೆಲ್ಲ ಚಾಕರಿಗೆ ಫೆರಾಂಟಿ ಕಂಪನಿ ಈ ಯಂತ್ರಕ್ಕೆಂದೇ ಮಾಡಿಕೊಟ್ಟ ಒಂದು ಚಿಪ್, ಯುಎಲ್‌ಎ. ಕೆಲವು ಬೋರ್ಡ್‌ಗಳಲ್ಲಿ ರ‍್ಯಾಮ್ ಒಂದು ಚಿಪ್ ಬದಲು ಎರಡು 2114 ಚಿಪ್‌ಗಳಾಗಿ ಬರುತ್ತದೆ. ಕೆಲಸದಲ್ಲಿ ವ್ಯತ್ಯಾಸ ಇಲ್ಲ.

ಈಗ ಮೆಮೊರಿಯ ಲೆಕ್ಕ. ಹೆಸರಿಗೆ 1024 ಬೈಟ್. ಮೊದಲ 125 ಬೈಟ್‌ಗಳನ್ನು, ಅಂದರೆ 16384ರಿಂದ 16508ರವರೆಗೆ, ಯಂತ್ರ ತನ್ನ ಸ್ವಂತಕ್ಕೆ ಇಟ್ಟುಕೊಳ್ಳುತ್ತದೆ. ಉಳಿಯುವುದು 899. ನಿಮ್ಮ ಪ್ರೋಗ್ರಾಂ 16509ರಿಂದ ಶುರು. ಅದರ ಬೆನ್ನಿಗೇ ಪರದೆ, ಪರದೆಯ ಹಿಂದೆ ಬೆಲೆಗಳನ್ನು ಹಿಡಿದಿಡುವ ವೇರಿಯಬಲ್‌ಗಳು, ಕೊನೆಯಲ್ಲಿ ಸ್ಟ್ಯಾಕ್, ಅಂದರೆ ಯಂತ್ರ ತನ್ನ ನಡುವಿನ ಲೆಕ್ಕ ಇಟ್ಟುಕೊಳ್ಳುವ ಜಾಗ. ಪರದೆಗೆ ಬೇರೆ ಮೆಮೊರಿ ಇಲ್ಲ, ಎಲ್ಲ ಒಂದೇ ಚೀಲದಲ್ಲಿ. 24 ಸಾಲು, ಸಾಲಿಗೆ 32 ಅಕ್ಷರ ಮತ್ತು ಒಂದು ಸಾಲು ಮುಗಿಸುವ ಬೈಟ್ ಎಂದು ಹಿಡಿದರೆ ತುಂಬಿದ ಪರದೆಗೆ 793 ಬೈಟ್ ಬೇಕು. 899ರಲ್ಲಿ 793 ಕಳೆಯಿರಿ: 106. ಅಷ್ಟರಲ್ಲಿ ಪ್ರೋಗ್ರಾಂ, ವೇರಿಯಬಲ್, ಸ್ಟ್ಯಾಕ್ ಎಲ್ಲ ಸಂಸಾರ ಮಾಡಬೇಕು!

ಹಾಗಾಗದಂತೆ ರಾಮ್ ಒಂದು ಜಾಣತನ ಮಾಡುತ್ತದೆ. ಮೆಮೊರಿ 3.25ಕೆಗಿಂತ ಕಡಿಮೆ ಇದ್ದರೆ ಖಾಲಿ ಪರದೆಯನ್ನು ಮಡಚಿ 25 ಬೈಟ್‌ನಲ್ಲಿ ಇಡುತ್ತದೆ. ಬರೆದಷ್ಟೇ ಅದು ಬಿಚ್ಚಿಕೊಳ್ಳುತ್ತದೆ. ಇದು ಗೊತ್ತಿಲ್ಲದವರು ಮಾಡುವ ತಪ್ಪು, ಪರದೆಯ ಬಲತುದಿಯಲ್ಲಿ ಒಂದು ಚುಕ್ಕೆ ಹಾಕುವುದು. 30ನೇ ಕಾಲಮಿನಲ್ಲಿ ಒಂದು ನಕ್ಷತ್ರ ಬರೆದರೆ ಅದರ ಎಡಕ್ಕಿರುವ 30 ಜಾಗಗಳಿಗೂ ಖಾಲಿ ಅಕ್ಷರ ತುಂಬಿಕೊಳ್ಳುತ್ತದೆ. ಒಂದು ನಕ್ಷತ್ರಕ್ಕೆ 31 ಬೈಟ್ ದಂಡ. ಚುಕ್ಕೆ ಹಾಕುವ ಪ್ಲಾಟ್ ಆಜ್ಞೆಗೂ ಇದೇ ಕಥೆ. ಆದ್ದರಿಂದ 1ಕೆ ಆಟಗಳ ಆಟವೆಲ್ಲ ಪರದೆಯ ಎಡಗಡೆಗೇ ಅಂಟಿಕೊಂಡಿರುತ್ತದೆ. ಅಂದಚೆಂದ ನೋಡಿ ಹಾಗೆ ಮಾಡಿದ್ದಲ್ಲ. ಪ್ರೋಗ್ರಾಂ ಚೆನ್ನಾಗಿ ಓಡುತ್ತಿದ್ದು ನಡುವೆ ಕೆಳಗಡೆ 4 ಎಂಬ ವರದಿ ಬಂದು ನಿಂತರೆ ಮೆಮೊರಿ ಮುಗಿಯಿತೆಂದು ಅರ್ಥ. ಮೊದಲು ಪರದೆಯ ಬಲಗಡೆಯನ್ನೇ ಅನುಮಾನಿಸಿ. 5 ಬಂದರೆ ಅದು ಬೇರೆ, ಪರದೆಯಲ್ಲಿ ಸಾಲು ಮುಗಿದಿದೆ.

ಬೇಸಿಕ್ ಸಾಲುಗಳನ್ನು ಹಿಂಡುವುದು ಇನ್ನೊಂದು ಕಲೆ, ಈ ಯಂತ್ರದ ನಿಜವಾದ ರುಚಿ ಅಲ್ಲಿದೆ. ಪ್ರತಿ ಸಾಲಿಗೂ ಸಾಲಿನ ಸಂಖ್ಯೆಗೆ ಎರಡು, ಉದ್ದಕ್ಕೆ ಎರಡು, ಕೊನೆಗೆ ಒಂದು, ಹೀಗೆ ಐದು ಬೈಟ್ ಸುಮ್ಮನೆ ಹೋಗುತ್ತದೆ. ಒಂದು ಸಾಲಿನಲ್ಲಿ ಎರಡು ಆಜ್ಞೆ ಬರೆಯಲು ಈ ಬೇಸಿಕ್ ಬಿಡುವುದಿಲ್ಲ. ಪ್ರಿಂಟ್, ಲೆಟ್, ಗೋಟು ಇತ್ಯಾದಿ ಪದಗಳೆಲ್ಲ ತಲಾ ಒಂದೇ ಬೈಟ್, ಅದು ಲಾಭ. ನಷ್ಟ ಇರುವುದು ಅಂಕಿಗಳಲ್ಲಿ. ನೀವು ಹೊಡೆದ ಅಂಕಿಗಳ ಹಿಂದೆ, ಕಣ್ಣಿಗೆ ಕಾಣದಂತೆ, 126 ಎಂಬ ಗುರುತು ಮತ್ತು ಐದು ಬೈಟ್‌ನ ದ್ವಿಮಾನ ರೂಪ ಸೇರಿಕೊಳ್ಳುತ್ತದೆ. ಸೊನ್ನೆಯಾದರೂ ಅಷ್ಟೇ. "10 ಲೆಟ್ ಎ=0" ಎಂಬ ಪುಟ್ಟ ಸಾಲು ಎಣಿಸಿ ನೋಡಿ: ಸಾಲಿನ ತಲೆಗೆ 4, ಲೆಟ್, ಎ, ಸಮಚಿಹ್ನೆ, ಸೊನ್ನೆ ಈ ನಾಲ್ಕಕ್ಕೆ ಸೇರಿ 4, ಗುಪ್ತ ರೂಪಕ್ಕೆ 6, ಕೊನೆಗೆ 1. ಒಟ್ಟು 15 ಬೈಟ್. ಹೋಲಿಕೆಗೆ, "ಕನ್ನಡ" ಎಂಬ ಪದವನ್ನು ಇವತ್ತಿನ ಯುನಿಕೋಡ್ ಯುಟಿಎಫ್-8ರಲ್ಲಿ ಉಳಿಸಿದರೂ 15 ಬೈಟೇ.

ಇದನ್ನು "ಲೆಟ್ ಎ=ನಾಟ್ ಪೈ" ಎಂದು ಬರೆಯಿರಿ. ಪೈ ಸೊನ್ನೆಯಲ್ಲ, ಆದ್ದರಿಂದ ನಾಟ್ ಪೈ ಅಂದರೆ ಸೊನ್ನೆ. ಎರಡೂ ಒಂದೊಂದು ಬೈಟ್‌ನ ಪದಗಳು, ಗುಪ್ತ ರೂಪ ಇಲ್ಲ. ಸಾಲು 10 ಬೈಟ್‌ಗೆ ಇಳಿಯಿತು. ಒಂದು ಬೇಕಾದರೆ ಎಸ್‌ಜಿಎನ್ ಪೈ, ಅದು ಧನ ಸಂಖ್ಯೆಗೆ 1 ಕೊಡುತ್ತದೆ. ಮೂರಕ್ಕೆ ಇಂಟ್ ಪೈ, ಅಂದರೆ ಪೈಯ ಪೂರ್ಣಾಂಕ ಭಾಗ. ದೊಡ್ಡ ಸಂಖ್ಯೆಗೆ, ಬರಹವನ್ನು ಸಂಖ್ಯೆ ಮಾಡುವ ವ್ಯಾಲ್: "ಗೋಟು 100" ಅಂದರೆ 15 ಬೈಟ್, 100ನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ವ್ಯಾಲ್ ಹಚ್ಚಿದರೆ 12. ವ್ಯಾಲ್ ನಿಧಾನ, ಹಾಗಾಗಿ ಸಾವಿರ ಸಲ ಸುತ್ತುವ ಲೂಪಿನೊಳಗೆ ಬೇಡ. ಒಮ್ಮೆ ಮಾತ್ರ ಓಡುವ ಕಡೆ ಧಾರಾಳವಾಗಿ ಬಳಸಿ.

ಇಫ್ ಸಾಲುಗಳಲ್ಲೂ ಉಳಿತಾಯವಿದೆ. 5 ಒತ್ತಿದರೆ ಎಡಕ್ಕೆ, 8 ಒತ್ತಿದರೆ ಬಲಕ್ಕೆ ಸರಿಯುವ ಆಟದ ಬೊಂಬೆಗೆ ಎಲ್ಲರೂ ಮೊದಲು ಎರಡು ಇಫ್ ಬರೆಯುತ್ತಾರೆ. ಒಂದೊಂದಕ್ಕೆ 24, ಒಟ್ಟು 48 ಬೈಟ್. ಇಲ್ಲಿ ನಿಜ ಎಂದರೆ 1, ಸುಳ್ಳು ಎಂದರೆ 0. ಇನ್‌ಕೀ$ ಅಂದರೆ ಆಗ ಒತ್ತಿರುವ ಕೀ. ಹಾಗಾಗಿ

ಲೆಟ್ ಎಕ್ಸ್=ಎಕ್ಸ್+(ಇನ್‌ಕೀ$="8")-(ಇನ್‌ಕೀ$="5")

ಎಂದು ಒಂದೇ ಸಾಲಿನಲ್ಲಿ ಮುಗಿಸಬಹುದು. 25 ಬೈಟ್. ಉದ್ಧರಣ ಚಿಹ್ನೆಯೊಳಗಿನ ಅಂಕಿಗೆ ಗುಪ್ತ ರೂಪ ಅಂಟುವುದಿಲ್ಲ, ಅದೂ ಇಲ್ಲಿ ಕೂಡಿಬಂದಿದೆ.

ಎಲ್ಲಕ್ಕಿಂತ ದೊಡ್ಡ ಉಳಿತಾಯ, ಸಾಲನ್ನೇ ಬರೆಯದಿರುವುದು. ಈ ಯಂತ್ರ ಕ್ಯಾಸೆಟ್ ಟೇಪಿಗೆ ಉಳಿಸುವಾಗ ಪ್ರೋಗ್ರಾಂ ಜೊತೆಗೆ ವೇರಿಯಬಲ್‌ಗಳನ್ನೂ ಉಳಿಸುತ್ತದೆ. ಆರಂಭದ ಬೆಲೆಗಳನ್ನು ಸಾಲಿನ ಸಂಖ್ಯೆ ಇಲ್ಲದೆ ನೇರವಾಗಿ ಹೊಡೆದು ಕೊಡಿ, ಆಮೇಲೆ ಸೇವ್ ಮಾಡಿ, ಆಟವನ್ನು ರನ್ ಬದಲು ಗೋಟು ಕೊಟ್ಟು ಶುರು ಮಾಡಿ. ವೇರಿಯಬಲ್ ತನ್ನ 6 ಬೈಟ್ ಹೇಗೂ ತಿನ್ನುತ್ತದೆ, ಆದರೆ ಅದನ್ನು ಹುಟ್ಟಿಸುವ ಲೆಟ್ ಸಾಲು ಉಳಿಯಿತು. ಅಪ್ಪಿತಪ್ಪಿ ರನ್ ಅಥವಾ ಕ್ಲಿಯರ್ ಒತ್ತಿದರೆ ವೇರಿಯಬಲ್‌ಗಳೆಲ್ಲ ಅಳಿಸಿಹೋಗಿ 2 ಎಂಬ ವರದಿ ಬರುತ್ತದೆ, ಅಂದರೆ ಹೆಸರು ಗೊತ್ತಿಲ್ಲದ ವೇರಿಯಬಲ್. ಆಗ ಬೆಲೆಗಳನ್ನು ಮತ್ತೆ ಹೊಡೆಯಬೇಕು, ಇಲ್ಲವೇ ಟೇಪಿನಿಂದ ತುಂಬಿಸಿಕೊಳ್ಳಬೇಕು. ಫಾರ್ ಲೂಪಿನ ವೇರಿಯಬಲ್ 18 ಬೈಟ್ ಹಿಡಿಯುತ್ತದೆ ಎಂಬುದೂ ನೆನಪಿರಲಿ. ಎರಡು ಲೂಪಿಗೆ ಒಂದೇ ಹೆಸರು ಸಾಕಾದರೆ ಒಂದೇ ಇಡಿ.

ಎಷ್ಟು ಖರ್ಚಾಯಿತೆಂದು ನೋಡಲು ಇದನ್ನು ಕೊಡಿ (ಪೀಕ್ ಅಂದರೆ ಮೆಮೊರಿಯ ಒಂದು ಬೈಟ್ ಓದು): ಪ್ರಿಂಟ್ ಪೀಕ್ 16396+256*ಪೀಕ್ 16397-16509. ಪರದೆ ಎಲ್ಲಿ ಶುರುವಾಗುತ್ತದೋ ಅಲ್ಲಿಗೆ ಪ್ರೋಗ್ರಾಂ ಮುಗಿದಿರುತ್ತದಲ್ಲ, ಬರುವ ಸಂಖ್ಯೆಯೇ ಪ್ರೋಗ್ರಾಂನ ಉದ್ದ. ಚೀಲ ಅಂಚಿಗೆ ಬಂದಾಗ ಎಡಿಟ್ ಕೂಡ ಕೈಕೊಡುತ್ತದೆ, ಯಾಕೆಂದರೆ ತಿದ್ದಬೇಕಾದ ಸಾಲಿನ ಇನ್ನೊಂದು ಪ್ರತಿ ಇಡಲು ಜಾಗ ಬೇಕು. ವೇರಿಯಬಲ್‌ಗಳು ಬೇಡವಾದರೆ ಕ್ಲಿಯರ್ ಕೊಟ್ಟು ಜಾಗ ಮಾಡಿಕೊಳ್ಳಿ.

ಬೇಸಿಕ್ ಸಾಲದಾದರೆ ಪ್ರೊಸೆಸರ್‌ನ ಸ್ವಂತ ಭಾಷೆಯಾದ ಮೆಷಿನ್ ಕೋಡ್. ಅದನ್ನು ಇಡಲು ಬೇರೆ ಕೋಣೆ ಇಲ್ಲ, ಮೊದಲ ಸಾಲಿನ ರೆಮ್ (ಯಂತ್ರ ಓಡಿಸದೆ ಬಿಡುವ ಟಿಪ್ಪಣಿ) ಒಳಗೇ ಬಚ್ಚಿಡಬೇಕು. 16509ಕ್ಕೆ ಸಾಲಿನ ತಲೆಯ 4 ಮತ್ತು ರೆಮ್‌ನ 1 ಸೇರಿಸಿದರೆ 16514. ಅಲ್ಲಿಂದ ನಿಮ್ಮ ಕೋಡ್. "1 ರೆಮ್" ಮುಂದೆ ಯಾವುದಾದರೂ ನಾಲ್ಕು ಅಕ್ಷರ ಹೊಡೆಯಿರಿ. 16514, 16515, 16516, 16517ಕ್ಕೆ ಕ್ರಮವಾಗಿ 1, 189, 7, 201 ಪೋಕ್ ಮಾಡಿ, ಅಂದರೆ ಆ ಜಾಗಗಳಿಗೆ ಬರೆಯಿರಿ. ಆಮೇಲೆ ಪ್ರಿಂಟ್ ಯುಎಸ್‌ಆರ್ 16514, ಅಲ್ಲಿರುವ ಕೋಡನ್ನು ಓಡಿಸುವ ಆಜ್ಞೆ. ಪರದೆಯಲ್ಲಿ 1981 ಬರುತ್ತದೆ. 1 ಅಂದರೆ ಬಿಸಿ ರಿಜಿಸ್ಟರ್ ಜೋಡಿಗೆ ಮುಂದಿನ ಎರಡು ಬೈಟ್ ತುಂಬು ಎಂಬ ಆಜ್ಞೆ. 7*256+189 ಲೆಕ್ಕ ಹಾಕಿ ನೋಡಿ. 201 ಅಂದರೆ ವಾಪಸ್ ಬಾ. ಈಗ ಲಿಸ್ಟ್ ಕೊಟ್ಟರೆ ನೀವು ಹೊಡೆದ ನಾಲ್ಕು ಅಕ್ಷರ ಇರುವುದಿಲ್ಲ. ಒಂದು ಚಿತ್ರಾಕ್ಷರ, ಕಪ್ಪು ಹಿನ್ನೆಲೆಯ ಎಕ್ಸ್, ಇನ್ನೊಂದು ಚಿತ್ರಾಕ್ಷರ, ಕೊನೆಗೆ ಟ್ಯಾನ್ ಎಂಬ ಪದ ಕಾಣುತ್ತವೆ. 201 ಎಂಬುದು ಈ ಬೇಸಿಕ್‌ನಲ್ಲಿ ಟ್ಯಾನ್‌ನ ಗುರುತು. ಹಳೇ ಪ್ರೋಗ್ರಾಂಗಳ ರೆಮ್ ಸಾಲು ಟ್ಯಾನ್‌ನಲ್ಲಿ ಮುಗಿದರೆ ತ್ರಿಕೋನಮಿತಿ ಹುಡುಕಬೇಡಿ.

ಎರಡು ಎಚ್ಚರಿಕೆ. ಆ ರೆಮ್ ಸಾಲನ್ನು ಎಡಿಟ್ ಮಾಡಲು ಹೋಗಬೇಡಿ, ಕೋಡ್ ಕೆಡುತ್ತದೆ. ಯುಎಸ್‌ಆರ್ ಕೊಡುವ ಮುಂಚೆ ಟೇಪಿಗೆ ಉಳಿಸಿ. ಒಂದು ಬೈಟ್ ತಪ್ಪಿದರೂ ಯಂತ್ರ ಸ್ತಬ್ಧವಾಗಬಹುದು. ರೀಸೆಟ್ ಬಟನ್ ಇಲ್ಲ, ಆನ್ ಆಫ್ ಸ್ವಿಚ್ಚೂ ಇಲ್ಲ, ವೈರ್ ಕೀಳಬೇಕು, ಬರೆದದ್ದೆಲ್ಲ ಹೋಗುತ್ತದೆ.

ಇಲ್ಲಿ 118ರ ವಿಷಯ ಹೇಳದೆ ಮುಂದೆ ಹೋಗಲಾಗದು. ಪರದೆಯ ಪ್ರತಿ ಸಾಲು 118 ಎಂಬ ಬೈಟ್‌ನಿಂದ ಮುಗಿಯುತ್ತದೆ. ಝಡ್80 ಭಾಷೆಯಲ್ಲಿ 118 ಅಂದರೆ ಹಾಲ್ಟ್, ನಿಲ್ಲು. ಇದು ಕಾಕತಾಳೀಯ ಅಲ್ಲ. ಈ ಯಂತ್ರದಲ್ಲಿ ಪ್ರೊಸೆಸರ್ ಪರದೆಯ ಬೈಟ್‌ಗಳನ್ನು ಪ್ರೋಗ್ರಾಂನಂತೆಯೇ ಓಡಿಸುತ್ತದೆ. ಅಕ್ಷರ ಬಂದಾಗ ಯುಎಲ್‌ಎ ನಡುವೆ ಕೈಹಾಕಿ ಅದನ್ನು ತಾನಿಟ್ಟುಕೊಂಡು, ಪ್ರೊಸೆಸರ್‌ಗೆ "ಏನೂ ಮಾಡಬೇಡ" ಎಂಬ ಆಜ್ಞೆ ಕೊಡುತ್ತದೆ. 118 ಮಾತ್ರ ಹಾಗೇ ದಾಟಿಹೋಗಿ ಪ್ರೊಸೆಸರ್ ನಿಲ್ಲುತ್ತದೆ, ಮುಂದಿನ ಗೆರೆಗೆ ಇಂಟರಪ್ಟ್ ಎಂಬ ಸಂಕೇತ ಎಬ್ಬಿಸುತ್ತದೆ. ನಾಲ್ಕು ಚಿಪ್‌ನಲ್ಲಿ ಟಿವಿ ಚಿತ್ರ ಬರುವುದು ಹೀಗೆ. ಇದರ ಬೆಲೆ ವೇಗ. ಸ್ಲೋ ಮೋಡ್‌ನಲ್ಲಿ ಚಿತ್ರದ ಮೇಲಿನ ಮತ್ತು ಕೆಳಗಿನ ಅಂಚು ಬರುವ ಹೊತ್ತಿನಲ್ಲಷ್ಟೇ ನಿಮ್ಮ ಪ್ರೋಗ್ರಾಂಗೆ ಸಮಯ ಸಿಗುತ್ತದೆ, ಫಾಸ್ಟ್ ಮೋಡ್‌ನ ಸುಮಾರು ಕಾಲುಭಾಗ ವೇಗ. ಫಾಸ್ಟ್ ಕೊಟ್ಟರೆ ಲೆಕ್ಕ ಮುಗಿಯುವವರೆಗೆ ಪರದೆ ಖಾಲಿ.

ಅಕ್ಷರಗಳ ಆಕಾರ ರಾಮ್‌ನಲ್ಲಿದೆ, 64 ಆಕಾರ, ತಲಾ 8 ಬೈಟ್. ಸಣ್ಣಕ್ಷರ ಇಂಗ್ಲಿಷ್ ಕೂಡ ಇಲ್ಲ. ಕನ್ನಡ ಕೇಳಲೇಬೇಡಿ: ಹೊಸ ಆಕಾರ ಕೊಡಲು ಸಾದಾ ಯಂತ್ರದಲ್ಲಿ ದಾರಿ ಇಲ್ಲ, ಇದ್ದಿದ್ದರೂ 64 ಮನೆಗಳಲ್ಲಿ ಒತ್ತಕ್ಷರಗಳು ಎಲ್ಲಿ ಕೂರಬೇಕು? ಹಟ ಇದ್ದರೆ 64*44 ಚುಕ್ಕೆಗಳ ಪ್ಲಾಟ್‌ನಲ್ಲಿ ದಪ್ಪ ದಪ್ಪ ಅಕ್ಷರ ಬಿಡಿಸಬಹುದು, ಅದೂ ಎಡಗಡೆಗೆ.

ಕೀಬೋರ್ಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚಪ್ಪಟೆ ಹಾಳೆ, 40 ಕೀ, ಒತ್ತಿದ್ದು ಬೆರಳಿಗೆ ಗೊತ್ತಾಗುವುದಿಲ್ಲ. ಪಿ ಒತ್ತಿದರೆ ಇಡೀ ಪ್ರಿಂಟ್ ಬರುವ ಏರ್ಪಾಡು ಮಾತ್ರ ಅದರ ಪಾಪವನ್ನು ಅರ್ಧ ತೊಳೆಯುತ್ತದೆ. ಶಿಫ್ಟ್ ಮತ್ತು ನ್ಯೂಲೈನ್ ಒಟ್ಟಿಗೆ ಒತ್ತಿ ಆಮೇಲೆ ಎನ್ ಒತ್ತಿದರೆ ನಾಟ್, ಎಂ ಒತ್ತಿದರೆ ಪೈ. ಮೆಮೊರಿ ಉಳಿಸುವ ಜೋಡಿ ಪಕ್ಕಪಕ್ಕದಲ್ಲೇ ಇದೆ.

ಹಳೇ ಯಂತ್ರದಲ್ಲಿ ಮೊದಲು ಸಾಯುವುದು ಈ ಹಾಳೆಯ ಬಾಲ. ಕೀಬೋರ್ಡಿನಿಂದ ಬೋರ್ಡಿಗೆ ಹೋಗುವ ಎರಡು ಪ್ಲಾಸ್ಟಿಕ್ ಪಟ್ಟಿಗಳು, ಒಂದು 5 ಗೆರೆಯದು, ಇನ್ನೊಂದು 8 ಗೆರೆಯದು, ಒಳಗಿನ ಶಾಖಕ್ಕೆ ಒಣಗಿ ಹಪ್ಪಳವಾಗಿರುತ್ತವೆ. ಸಾಲಾಗಿ ಕೆಲವು ಕೀ ಮಾತ್ರ ಕೆಲಸ ಮಾಡದಿದ್ದರೆ ಪಟ್ಟಿ ಬಿರುಕು ಬಿಟ್ಟಿದೆ ಎಂದೇ ತಿಳಿಯಿರಿ. "ತೆರೆದು ನೋಡೋಣ" ಎಂದು ಎಳೆದರೆ ಉಳಿದದ್ದೂ ಮುರಿಯುತ್ತದೆ. ಹೊಸ ಹಾಳೆ ಈಗಲೂ ತಯಾರಾಗುತ್ತದೆ, ಕೊಂಡು ಕೈಯಲ್ಲಿಟ್ಟುಕೊಂಡೇ ತೆರೆಯಿರಿ. ತಳದಲ್ಲಿ ಐದು ಸ್ಕ್ರೂ. ಮೂರು ರಬ್ಬರ್ ಪಾದಗಳ ಅಡಿಯಲ್ಲಿ ಅಡಗಿವೆ. ಅದು ಗೊತ್ತಿಲ್ಲದೆ ಮೀಟಿದ ಡಬ್ಬಿಗಳ ಅಂಚು ಸೀಳಿರುತ್ತದೆ, ಫೋಟೋದಲ್ಲಿ ಅಂಚುಗಳನ್ನು ದೊಡ್ಡದು ಮಾಡಿ ನೋಡಿ.

ಕರೆಂಟ್ ವಿಷಯ. ಬ್ರಿಟನ್ನಿನ ಅಡಾಪ್ಟರ್ 240 ವೋಲ್ಟ್‌ನದು, ಪ್ಲಗ್ ಬದಲಿಸಿದರೆ ನಮ್ಮ 230ಕ್ಕೆ ನಡೆಯುತ್ತದೆ. ಅಮೆರಿಕದ ತಮ್ಮ, 2ಕೆಯ ಟೈಮೆಕ್ಸ್ ಸಿಂಕ್ಲೇರ್ 1000, ಜೊತೆಗೆ ಬರುವುದು 120 ವೋಲ್ಟ್‌ನದು. ಅದನ್ನು ನಮ್ಮ ಗೋಡೆಗೆ ಚುಚ್ಚಿದರೆ ಹೊಗೆ. ಹೊಸ ಅಡಾಪ್ಟರ್ ಕೊಳ್ಳುವುದಾದರೆ 9 ವೋಲ್ಟ್ ಡಿಸಿ, 1 ಆಂಪ್, 3.5 ಮಿಲಿಮೀಟರ್ ಮೋನೋ ಜಾಕ್, ತುದಿ ಪ್ಲಸ್. ಟೇಪಿನ ಇಯರ್, ಮೈಕ್ ತೂತುಗಳೂ ಇದೇ ಅಳತೆ, ಅಕ್ಕಪಕ್ಕದಲ್ಲೇ ಇವೆ. ಕಣ್ಣು ಮುಚ್ಚಿ ಚುಚ್ಚಬೇಡಿ. ಒಳಗಿನ 7805 ವೋಲ್ಟೇಜ್ ರೆಗ್ಯುಲೇಟರ್ ಚೆನ್ನಾಗಿ ಬಿಸಿಯಾಗುತ್ತದೆ. ಅದರ ಜಾಗಕ್ಕೆ ಮೂರು ಕಾಲಿನ ಸ್ವಿಚಿಂಗ್ ರೆಗ್ಯುಲೇಟರ್ ಬೆಸುಗೆ ಹಾಕಿದರೆ ಡಬ್ಬಿ ತಣ್ಣಗಿರುತ್ತದೆ, ಹೊಸ ಹಾಳೆಯ ಬಾಲಕ್ಕೂ ಆಯುಸ್ಸು.

ಟಿವಿ ಸಂಪರ್ಕ ಯುಎಚ್‌ಎಫ್ 36ನೇ ಚಾನೆಲ್. ಈಗಿನ ಟಿವಿಗಳಿಗೆ ಇದು ಒಗ್ಗುವುದಿಲ್ಲ, ಕಂಪೋಸಿಟ್ ವಿಡಿಯೋಗೆ ಬದಲಿಸಿರುವ ಯಂತ್ರ ಸಿಕ್ಕರೆ ಒಳ್ಳೆಯದು. ಆದರೆ ಯುಎಲ್‌ಎ ಮೇಲಿನ ಸಂಖ್ಯೆ ಕೇಳಿ. 2ಸಿ210ಇ ಆದರೆ ಚಿಂತೆಯಿಲ್ಲ. 2ಸಿ184ಇ ಆದರೆ ಅದರ ಸಿಗ್ನಲ್‌ನಲ್ಲಿ ಬ್ಯಾಕ್ ಪೋರ್ಚ್ ಎಂಬ ಭಾಗವೇ ಇಲ್ಲ. ಕಪ್ಪು ಎಷ್ಟು ಕಪ್ಪೆಂದು ಹೊಸ ಟಿವಿಗೆ ತಿಳಿಯದೆ ಚಿತ್ರ ಮಂಕಾಗಿ ಬರುತ್ತದೆ. ಆ ಭಾಗ ಸೇರಿಸುವ ಪುಟ್ಟ ಬೋರ್ಡ್ ಹಾಕಿಸಬೇಕು.

ಟೇಪ್: ಸೆಕೆಂಡಿಗೆ ಸುಮಾರು 300 ಬಿಟ್. 1ಕೆ ಪ್ರೋಗ್ರಾಂ 25 ಸೆಕೆಂಡಿನಲ್ಲಿ ಮುಗಿಯುತ್ತದೆ, ತುಂಬಿದ 16ಕೆಗೆ ಏಳು ನಿಮಿಷ. ತಪ್ಪು ಹಿಡಿಯುವ ಚೆಕ್‌ಸಮ್ ಇಲ್ಲದ್ದರಿಂದ ಏಳನೇ ನಿಮಿಷದಲ್ಲಿ ಒಂದು ಬಿಟ್ ತಪ್ಪಿದರೂ ಯಂತ್ರ ಚಕಾರ ಎತ್ತುವುದಿಲ್ಲ, ಓಡಿಸಿದಾಗ ಗೊತ್ತಾಗುತ್ತದೆ. ಚಿಕ್ಕ ಪ್ರೋಗ್ರಾಂ ಪರ ಇದೂ ಒಂದು ವಾದ. ಉಳಿಸುವಾಗ ಹೆಸರು ಕೊಡದಿದ್ದರೆ ಎಫ್ ವರದಿ ಬರುತ್ತದೆ. ಇಯರ್, ಮೈಕ್ ಎರಡೂ ವೈರ್ ಒಟ್ಟಿಗೆ ಸಿಕ್ಕಿಸಿಡಬೇಡಿ, ಬೇಕಾದ್ದು ಒಂದೇ. ಫೋನಿನಿಂದ ಆಡಿಸುವುದಾದರೆ ದನಿ ಪೂರ್ತಿ ಏರಿಸಿ. ಅಷ್ಟಾದರೂ ತುಂಬದಿದ್ದರೆ ಫೋನಿನ ಸಿಗ್ನಲ್ ಸಣ್ಣದಾಗಿದೆ, ನಡುವೆ ಚಿಕ್ಕ ಆಂಪ್ಲಿಫೈಯರ್ ಬೇಕು.

ಹಣ ಕೊಡುವ ಮುಂಚೆ ಎರಡು ಪರೀಕ್ಷೆ ಮಾಡಿಸಿ. ಪ್ರಿಂಟ್ ಪೀಕ್ 16388+256*ಪೀಕ್ 16389 ಕೊಟ್ಟರೆ 1ಕೆ ಯಂತ್ರದಲ್ಲಿ 17408 ಬರಬೇಕು, 2ಕೆಗೆ 18432, ಪ್ಯಾಕ್ ಇದ್ದರೆ 32768. ಇದಕ್ಕಿಂತ ಕಡಿಮೆ ಬಂದರೆ ರ‍್ಯಾಮ್ ಕೆಟ್ಟಿದೆ. ಇನ್ನೊಂದು, ಪ್ರಿಂಟ್ ಎಸ್‌ಕ್ಯುಆರ್ 0.25. ಉತ್ತರ 0.5 ಬರಬೇಕು. 1.3591409 ಬಂದರೆ ಗಾಬರಿ ಬೇಡ, ಅದು ಮೊದಮೊದಲ ರಾಮ್‌ನ ಪ್ರಸಿದ್ಧ ತಪ್ಪು; ಸಂಗ್ರಹಕಾರರಿಗೆ ಅದೇ ಇಷ್ಟ, ವರ್ಗಮೂಲ ಬೇಕಾದವರಿಗೆ ಕಷ್ಟ.

ಇನ್ನು ಪ್ಯಾಕ್. ಸಿಂಕ್ಲೇರ್‌ನ 16ಕೆ ಪ್ಯಾಕ್ ಹಿಂಬದಿಯ ಎಡ್ಜ್ ಕನೆಕ್ಟರಿಗೆ ಸುಮ್ಮನೆ ಸಿಕ್ಕಿಕೊಳ್ಳುತ್ತದೆ. ಕೊಂಡಿ ಇಲ್ಲ, ಸ್ಕ್ರೂ ಇಲ್ಲ. ಮುಂದೆ ಕೀ ಒತ್ತಿದರೆ ಹಗುರ ಡಬ್ಬಿ ತುಸು ಏಳುತ್ತದೆ, ಹಿಂದೆ ಪ್ಯಾಕ್ ಅಲ್ಲಾಡುತ್ತದೆ, ಒಂದು ಸಂಪರ್ಕ ಕ್ಷಣಕಾಲ ತಪ್ಪುತ್ತದೆ. ಪರದೆ ಬಿಳಿಯಾಗಿ ಒಂದು ಗಂಟೆಯ ಕೆಲಸ ಮಾಯ. ಸಂಪರ್ಕದ ಪಟ್ಟಿಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಪ್ಯಾಕ್ ಮತ್ತು ಡಬ್ಬಿಯ ನಡುವೆ ಬ್ಲೂಟ್ಯಾಕ್ ಒತ್ತಿ, ಎರಡನ್ನೂ ಒಂದೇ ಹಲಗೆಗೆ ವೆಲ್ಕ್ರೋ ಹಾಕಿ ಅಂಟಿಸಿ. ಕರೆಂಟ್ ಇರುವಾಗ ಮಾತ್ರ ಎಂದಿಗೂ ತೆಗೆಯುವುದು, ಹಾಕುವುದು ಮಾಡಬೇಡಿ, ಚಿಪ್ ಸುಡುತ್ತವೆ. ದೊಡ್ಡ ಮೆಮೊರಿ ಬೇಕೇಬೇಕು ಅನ್ನುವವರು 62256 ಎಂಬ ಮೆಮೊರಿ ಚಿಪ್ಪನ್ನು ಒಳಗೇ ಹಾಕಿಸಿಕೊಳ್ಳುವುದು ವಾಸಿ, ಅಥವಾ ಎಸ್‌ಡಿ ಕಾರ್ಡ್ ಇರುವ ಝಡ್‌ಎಕ್ಸ್‌ಪ್ಯಾಂಡ್ ಎಂಬ ಹೊಸ ಕಾಲದ ಮೆಮೊರಿ ಸಾಧನ.

16ಕೆ ಕೊಡುವ ಸುಖ ಇಲ್ಲವೆಂದಲ್ಲ. ಮಾಲ್ಕಮ್ ಇವಾನ್ಸ್ ಬರೆದ 3ಡಿ ಮಾನ್‌ಸ್ಟರ್ ಮೇಜ್ ಆಡಲು ಅದು ಬೇಕೇ ಬೇಕು, ಡೈನೊಸಾರ್ ಮೂಲೆಯಿಂದ ತಿರುಗಿ ಬರುವುದನ್ನು ನೋಡಲೇಬೇಕು. ಆದರೆ ಪ್ರೋಗ್ರಾಂ ಬರೆಯುವವರ ಕಣ್ಣಿಗೆ ಹೆಚ್ಚಿನದು ಡೇವಿಡ್ ಹಾರ್ನ್ ಬರೆದ 1ಕೆ ಚೆಸ್: 672 ಬೈಟ್‌ನಲ್ಲಿ ಎದುರಾಳಿ ಸಮೇತ ಚದುರಂಗ. ಕ್ಯಾಸಲಿಂಗ್ ಇಲ್ಲ, ಪದಾತಿಗೆ ಬಡ್ತಿ ಇಲ್ಲ, ಸುಲಭವಾಗಿ ಸೋಲುತ್ತದೆ. ಅದರ ಕೋಡನ್ನು ಬೈಟ್ ಬೈಟಾಗಿ ಓದುವುದು ಅದರೊಂದಿಗೆ ಆಡುವುದಕ್ಕಿಂತ ಹೆಚ್ಚು ಹೊತ್ತು ಹಿಡಿಸುತ್ತದೆ.

ಹಣ ಹಾಕುವ ಮನಸ್ಸಿಲ್ಲದಿದ್ದರೆ ವಿಂಡೋಸ್‌ನಲ್ಲಿ ಓಡಿ ಈ ಯಂತ್ರವನ್ನು ಅನುಕರಿಸುವ ಎಯ್ಟಿಒನ್ ಎಮ್ಯುಲೇಟರ್ ಸಾಕು. ಮೆಮೊರಿಯನ್ನು ಮಾತ್ರ ನೆನಪಿಟ್ಟು 1ಕೆಗೆ ಇಳಿಸಿಕೊಳ್ಳಿ. ಪ್ಯಾಕ್ ಸಮೇತ ನಿಜವಾದ ಯಂತ್ರ ಆಗಲೇ ಮನೆಗೆ ಬಂದಾಗಿದ್ದರೂ ಉಪಾಯವಿದೆ. ಪೋಕ್ 16389,68 ಹೊಡೆದು ನ್ಯೂಲೈನ್ ಒತ್ತಿ, ಆಮೇಲೆ ನ್ಯೂ ಕೊಡಿ. ಮೆಮೊರಿಯ ಮೇಲಂಚು 17408ಕ್ಕೆ ಇಳಿದು ಪರದೆ ಮಡಚಿಕೊಳ್ಳುತ್ತದೆ, 15ಕೆ ಮರೆಯಾಗುತ್ತದೆ. ಪ್ಯಾಕ್ ಮಾತ್ರ ಹಿಂದೆ ಅಲ್ಲಾಡುತ್ತಲೇ ಇರುತ್ತದೆ.